ಗೆರೆಸೊನ್ನೆ

ನಮ್ಮ ಕಡೆ ಡಾಕ್ಟ್ರು ಬರೆದ ಚೀಟಿ ಓದೋಕೆ ಬರೋದು ಮೆಡಿಕಲ್ ಶಾಪಿನವರಿಗೆ ಮಾತ್ರ. ಅಜ್ಜಂಪುರದಲ್ಲಿ ನಾವು ಹೋಗೋ ಅಂಗಡಿಯ ಹುಡುಗ ಎಂಥಾ ಗೀಚಾಟವನ್ನೂ ಅರ್ಧ ಕಣ್ಣಲ್ಲಿ ನೋಡಿ ಸರಿಯಾದ ಡಬ್ಬಕ್ಕೇ ಕೈ ಹಾಕ್ತಾನೆ. ಉಳಿದವರಿಗೆ ಗೊತ್ತಿರೋದು ಒಂದೇ, ‘1-0-1’. ನಮ್ಮಜ್ಜಿಗೆ ಸಹಿ ಹಾಕೋಕೆ ಬರ್ತಿರಲಿಲ್ಲ, ಆದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ಆ ಮೂರು ಅಂಕಿ ಓದೋಕೆ ಬರ್ತಿತ್ತು. ನಾನು ಬಿಇ ಸೇರಿ ಬೈನರಿ ಕಲಿಯೋದಕ್ಕಿಂತ ಎಷ್ಟೋ ವರ್ಷ ಮೊದಲೇ ಅಜ್ಜಿ ಕಲಿತಾಗಿತ್ತು.

ಹೀಗೆ ಊರಿನ ಚೀಟಿಗೆಲ್ಲ ಓದೋರಿದ್ದಾರೆ. ಜರ್ಮನಿಯ ಚೀಟಿ ಬಂದ್ರೆ?

ನಮ್ಮ ಅತ್ತೆ, ಅಂದ್ರೆ ಅಪ್ಪನ ಅಕ್ಕ, 1979ರಲ್ಲಿ ಮಾವನ ಜೊತೆ ಸ್ಟುಟ್‌ಗಾರ್ಟ್ ಕಡೆ ಹೋದವರು. ಮಾವ ಅಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ರು, ಅತ್ತೆ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ. ಮಾವ ತೀರಿಕೊಂಡ ಮೇಲೆ, ಮಗಳು ಎಷ್ಟು ಹೇಳಿದ್ರೂ ಕೇಳದೆ, “ಇನ್ನೇನಿದ್ರೂ ನಮ್ಮ ಸೀಮೇಲೇ” ಅಂತ ವಾಪಸ್ ಬಂದು ತರೀಕೆರೆಯಲ್ಲಿ ಮನೆ ಮಾಡಿದ್ರು. ಬರುವಾಗ ಎರಡು ಸೂಟ್‌ಕೇಸು, ಒಂದು ಕಾಫಿ ಮೆಷಿನ್ನು, ಮತ್ತೆ ನೂರಕ್ಕೂ ಹೆಚ್ಚು ಹಾಳೆಗಳ ಒಂದು ನೀಲಿ ಫೈಲು. ಫೈಲನ್ನ ಜೋಪಾನ ಮಾಡ್ತಿದ್ದವರು ಮಾವ. ಅತ್ತೆ ಅದನ್ನ ತೆಗೆದು ನೋಡಿದವರೇ ಅಲ್ಲ.

ಅತ್ತೆಗೆ ಚಿಕ್ಕವಯಸ್ಸಲ್ಲಿ ಜ್ವರ ಬಂದು, ಕೀಲುಕೀಲು ಊದಿಕೊಂಡು ಎರಡು ಮೂರು ತಿಂಗಳು ಮಲಗಿದ್ರಂತೆ. ಊರಲ್ಲಿ ‘ವಾಯು’ ಅಂದ್ರು, ಕಷಾಯ ಕೊಟ್ರು, ವಾಸಿಯಾಯ್ತು. ಅದು ಹೃದಯದ ಕವಾಟವನ್ನೂ ಕಚ್ಚಿಬಿಟ್ಟಿದೆ ಅನ್ನೋದು ಗೊತ್ತಾಗಿದ್ದು ಜರ್ಮನಿಯಲ್ಲಿ, ಬಸುರಿಯಾಗಿದ್ದಾಗ. ಗಂಟಲು ನೋವಿನಿಂದ ಶುರುವಾಗಿ ಕವಾಟಕ್ಕೆ ಹೋಗೋ ಈ ರುಮ್ಯಾಟಿಕ್ ಜ್ವರ ನಮ್ಮ ಹಳ್ಳಿಗಳಲ್ಲಿ ಆಗ ಸಾಮಾನ್ಯವೇ ಆಗಿತ್ತು. 1996ರಲ್ಲಿ ಅವರ ಮಿಟ್ರಲ್ ಕವಾಟ ತೆಗೆದು ಲೋಹದ್ದು ಹಾಕಿದ್ರು. ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಅತ್ತೆ ಪಕ್ಕ ಕೂತ್ರೆ ಕೈಗಡಿಯಾರದಂಥ ಸಣ್ಣ ಟಿಕ್ ಟಿಕ್ ಕೇಳ್ಸುತ್ತೆ. ನಮ್ಮ ಮನೆ ಮಕ್ಕಳಿಗೆ ಅದೊಂದು ಆಟ.

ಲೋಹದ ಕವಾಟ ಇದ್ದವರು ಸಾಯೋತನಕ ರಕ್ತ ತೆಳು ಮಾಡೋ ಮಾತ್ರೆ ತಗೋಬೇಕು. ಇಲ್ಲಾಂದ್ರೆ ಕವಾಟದ ಮೇಲೆ ರಕ್ತ ಗರಣೆ ಕಟ್ಟುತ್ತೆ. ಜಾಸ್ತಿ ತಗೊಂಡ್ರೆ ರಕ್ತ ಸೋರೋಕೆ ಶುರುವಾಗುತ್ತೆ. ಜರ್ಮನಿಯಲ್ಲಿ ಇದಕ್ಕೆ ಕೊಡೋ ಮಾತ್ರೆ ಮಾರ್ಕುಮಾರ್. ತಂದಿದ್ದು ಖಾಲಿಯಾಗ್ತಾ ಬಂದಾಗ ಕಡೂರು, ತರೀಕೆರೆ, ಶಿವಮೊಗ್ಗ ಎಲ್ಲಾ ಕಡೆ ಕೇಳಿದ್ವಿ. ಸಿಗಲಿಲ್ಲ. ಇಲ್ಲಿ ಸಾಮಾನ್ಯವಾಗಿ ಕೊಡೋದು ಆಸಿಟ್ರೋಮ್ ಅಥವಾ ವಾರ್ಫರಿನ್. ಕೆಲಸ ಒಂದೇ, ನಡಿಗೆ ಬೇರೆ. ಮಾರ್ಕುಮಾರ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೆ ಐದಾರು ದಿನ ಬೇಕು, ಆಸಿಟ್ರೋಮ್‌ಗೆ ಹತ್ತು ಗಂಟೆ ಆಸುಪಾಸು ಸಾಕು. ಒಂದನ್ನ ನಿಲ್ಲಿಸಿ ಮಾರನೇ ದಿನ ಇನ್ನೊಂದನ್ನ ಅಷ್ಟೇ ಅಳತೆಗೆ ನುಂಗಿಸೋ ಹಾಗಿಲ್ಲ. ಇದರ ಜೊತೆಗೆ ಅತ್ತೆಗೆ ಹಲ್ಲು ನೋವು ಬೇರೆ. ದವಡೆ ಹಲ್ಲೊಂದು ಕೀಳಲೇಬೇಕು ಅಂತಾಗಿತ್ತು.

ಶಿವಮೊಗ್ಗದ ಹೃದಯದ ಡಾಕ್ಟ್ರು ಫೈಲನ್ನ ಹಿಂದೆ ಮುಂದೆ ತಿರುವಿ, ನನ್ನ ಕೈಗೇ ಕೊಟ್ಟು, “ಕವಾಟದ ಸೈಜು, ಐಎನ್‌ಆರ್ ಎಷ್ಟಿಟ್ಟಿದ್ರು, ವಾರಕ್ಕೆ ಎಷ್ಟು ಮಾತ್ರೆ, ಹಿಂದೆ ರಕ್ತಸ್ರಾವ ಆಗಿತ್ತಾ, ಅಲರ್ಜಿ ಏನಾದ್ರೂ ಇದ್ಯಾ, ಇಷ್ಟನ್ನ ಇಂಗ್ಲಿಷಲ್ಲಿ ಬರ್ಕೊಂಡು ಬನ್ನಿ” ಅಂದ್ರು. ನನ್ನ ಜರ್ಮನ್ ಎಷ್ಟು ಅಂದ್ರೆ, ಆಫೀಸಿನ ಕ್ಲೈಂಟ್ ಜರ್ಮನಿಯವರು ಅಂತ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎರಡು ಹಂತ ಕಲಿತಿದ್ದೆ. ಬ್ರೆಡ್ ಕೊಳ್ಳೋಕೆ, ರೈಲು ಲೇಟಾ ಅಂತ ಕೇಳೋಕೆ ಸಾಕು. ಅತ್ತೆ ಮಾತಾಡೋ ಜರ್ಮನ್ ನನಗಿಂತ ಹತ್ತು ಪಟ್ಟು ವಾಸಿ. ಆದ್ರೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಅಕ್ಷರ ಕಾಣಲ್ಲ. ಸರಿ, ನಾನು ಅಕ್ಷರ ಓದೋದು, ಅತ್ತೆ ಅದನ್ನ ಮಾತು ಮಾಡೋದು. ಕುಂಟ ಕುರುಡರ ಜೋಡಿ. ಎರಡು ಶನಿವಾರ, ಎರಡು ಭಾನುವಾರ ಹೀಗೆ ಕೂತ್ವಿ.

ಕೈಬರಹಕ್ಕೆ ನಾನು ಹೆದರಿದ್ದೆ. ಆದ್ರೆ ಕಾಗದಗಳಲ್ಲಿ ಮುಕ್ಕಾಲು ಪಾಲು ಟೈಪ್ ಮಾಡಿದ್ದವೇ. ಅಕ್ಷರ ಸ್ಪಷ್ಟವಾಗಿದ್ದೂ ಅರ್ಥ ಆಗದೇ ಇರೋದು ಹೆಚ್ಚು ಕಷ್ಟ. ಜರ್ಮನ್ ಡಾಕ್ಟ್ರುಗಳು ವಾಕ್ಯ ಬರೆಯಲ್ಲ, ಸಂಕ್ಷೇಪ ಬರೀತಾರೆ. ‘ಓ. ಬೆ.’ ಅಂತ ಪುಟಕ್ಕೆ ನಾಲ್ಕು ಸಲ ಇತ್ತು. ಫೋನಿನ ಅನುವಾದದ ಆಪ್ ಅದನ್ನ ಒಮ್ಮೆ ರಕ್ತದ ಗುಂಪು ಅಂದ್ಕೊಂಡ್ತು, ಇನ್ನೊಮ್ಮೆ ಹಾಗೇ ಬಿಟ್ತು. ನಾನು ಗಟ್ಟಿಯಾಗಿ ಓದಿದ ತಕ್ಷಣ ಅತ್ತೆ, “ಓನೆ ಬೆಫುಂಡ್ ಕಣೋ. ಏನೂ ಸಿಕ್ಕಿಲ್ಲ, ಚೆನ್ನಾಗೈತೆ ಅಂತ” ಅಂದ್ರು. ‘ಟ್ಸೆಟ್. ಎನ್.’ ಅಂದ್ರೆ ‘ಟ್ಸುಶ್ಟಾಂಟ್ ನಾಖ್’, ಹಿಂದೆ ಅದು ಆಗಿತ್ತು, ಈಗ ಅದರ ನಂತರದ ಸ್ಥಿತಿ ಅಂತ. ‘ಫೌ. ಆ.’ ಅಂದ್ರೆ ಸಂಶಯ ಇದೆ ಅಂತ. ಎರಡೆರಡು ಅಕ್ಷರಗಳಲ್ಲಿ ಆಗಿಹೋಗಿದ್ದು, ಆಗಿರಬಹುದಾದ್ದು ಎಲ್ಲಾ ಇದೆ. ಅದನ್ನ ಬಿಟ್ಟು ಮುಂದಿನ ಕಾಯಿಲೆಯ ಹೆಸರನ್ನಷ್ಟೇ ಅನುವಾದ ಮಾಡಿದ್ರೆ ಅತ್ತೆಗೆ ಒಂದೇ ದಿನದಲ್ಲಿ ಹದಿನೈದು ಕಾಯಿಲೆ.

ಇನ್ನೂ ಮೋಸ ಮಾಡೋದು ನಮಗೆ ಗೊತ್ತಿರೋ ಹಾಗೇ ಕಾಣೋ ಅಕ್ಷರಗಳು. ‘ಆರ್‌ಆರ್ 145/80’ ಅಂತಿತ್ತು. ನಮ್ಮ ಆಸ್ಪತ್ರೆಗಳಲ್ಲಿ ಆರ್‌ಆರ್ ಅಂದ್ರೆ ನಿಮಿಷಕ್ಕೆ ಎಷ್ಟು ಉಸಿರು ಅಂತ. ಅಲ್ಲಿ ಅದು ಬಿಪಿ. 1896ರಲ್ಲಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡೋ ಉಪಕರಣ ಮಾಡಿದ ಇಟಲಿಯ ರೀವಾ-ರೋಚ್ಚಿ ಹೆಸರಿನ ಎರಡು ಅಕ್ಷರ ಅವು. ‘ಹೆಚ್‌ಎಫ್ 78’ ಅಂದ್ರೆ ಅಲ್ಲಿ ನಾಡಿ ಬಡಿತ. ನಮ್ಮವರು ಓದಿದ್ರೆ ಹಾರ್ಟ್ ಫೇಲ್ಯೂರ್. ‘ಎಎಫ್ 16’ ಅಂದ್ರೆ ಅಲ್ಲಿ ಉಸಿರಾಟದ ಲೆಕ್ಕ. ನಮ್ಮ ಡಾಕ್ಟ್ರಿಗೆ ಎಎಫ್ ಅಂದ ಕೂಡಲೇ ಕಾಣೋದು ಹೃದಯದ ಬಡಿತ ತಾಳ ತಪ್ಪೋ ಕಾಯಿಲೆ. ಕವಾಟದ ರೋಗಿಗಳಿಗೆ ಅದು ಬರೋದೂ ಹೆಚ್ಚು, ಹಾಗಾಗಿ ಯಾರಿಗೂ ಅನುಮಾನವೇ ಬರಲ್ಲ. ‘ಕ್ವಿಕ್ 24 %’ ಅಂತ ಒಂದು ಕಡೆ ಇತ್ತು. ಬೇಗ ಅನ್ನೋ ಕ್ವಿಕ್ ಅಲ್ಲ, 1935ರಲ್ಲಿ ರಕ್ತ ಹೆಪ್ಪುಗಟ್ಟೋ ಸಮಯ ಅಳೆಯೋ ಪರೀಕ್ಷೆ ಕಂಡುಹಿಡಿದ ಅಮೆರಿಕದ ಡಾಕ್ಟರ್ ಆರ್ಮಂಡ್ ಕ್ವಿಕ್. ಐಎನ್‌ಆರ್ ಏರಿದ್ರೆ ರಕ್ತ ತೆಳು, ಕ್ವಿಕ್ ಇಳಿದ್ರೆ ರಕ್ತ ತೆಳು. ಮೇಲಾಗಿ ಕ್ವಿಕ್ ಲೆಕ್ಕ ಒಂದೊಂದು ಲ್ಯಾಬಿಗೆ ಒಂದೊಂದು ಥರ ಬರೋದ್ರಿಂದ ಅದನ್ನ ಇಲ್ಲಿ ಕೂತು ಐಎನ್‌ಆರ್‌ಗೆ ತಿರುಗಿಸೋಕೆ ಆಗಲ್ಲ. ಅದನ್ನ ಇದ್ದ ಹಾಗೇ ಬರೆದೆ.

1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಕೂಡ ಜರ್ಮನಿಯವನೇ. ಅವನೂ ಸಂಕ್ಷೇಪ ಬಳಸಿದ್ದಾನೆ, ಆದ್ರೆ ಪುಣ್ಯಾತ್ಮ ಪುಸ್ತಕದ ಮೊದಲಲ್ಲೇ ಅದರ ಪಟ್ಟಿ ಕೊಟ್ಟಿದ್ದಾನೆ. ಡಾಕ್ಟ್ರುಗಳಿಗೆ ಆ ದೊಡ್ಡತನ ಯಾಕಿಲ್ಲವೋ.

ಎರಡನೇ ಶನಿವಾರ ಮನೆಯಲ್ಲಿ ಒಂದು ಗಂಟೆ ಹೊತ್ತು ಯಾರೂ ಮಾತಾಡಲಿಲ್ಲ. ಚಿಕ್ಕಪ್ಪನ ಮಗ ಸಹಾಯ ಮಾಡ್ತೀನಿ ಅಂತ ಒಂದಷ್ಟು ಹಾಳೆ ತಗೊಂಡು ಕೂತಿದ್ದ. 2011ರ ಒಂದು ಪಟ್ಟಿಯಲ್ಲಿ ‘ಸಿ 18.9 ಎ’ ಅಂತಿತ್ತು. ಅವನು ಫೋನಲ್ಲಿ ಹುಡುಕಿದ. ಸಿ ಅಂದ್ರೆ ಕ್ಯಾನ್ಸರ್ ಸಾಲು, 18 ಅಂದ್ರೆ ದೊಡ್ಡ ಕರುಳು. ಎ ಅಂದ್ರೆ ಮೊದಲನೇ ಹಂತ ಇರಬೇಕು ಅಂತ ಅವನ ಲೆಕ್ಕ. ಫೋನನ್ನ ನನ್ನ ಕಡೆ ತಿರುಗಿಸಿ, ಅಡುಗೆಮನೆ ಕಡೆ ಕಣ್ಣಲ್ಲೇ ತೋರಿಸಿದ. ಅತ್ತೆ ಅಲ್ಲಿ ಒಗ್ಗರಣೆ ಹಾಕ್ತಿದ್ರು. ಅಮ್ಮ ಎದ್ದು ಹಿತ್ತಿಲಿಗೆ ಹೋದ್ರು. ಅಪ್ಪ ಪೇಪರ್ ಹಿಡಿದುಕೊಂಡೇ ಕೂತ್ರು, ಪುಟ ತಿರುಗಿಸಲಿಲ್ಲ.

ನಾನು ಆ ಪಟ್ಟಿಯ ಉಳಿದ ಸಾಲುಗಳನ್ನ ನೋಡಿದೆ. ಪ್ರತಿ ಸಂಕೇತದ ಕೊನೆಗೂ ಒಂದು ಅಕ್ಷರ ಇತ್ತು. ಸಕ್ಕರೆ ಕಾಯಿಲೆಗೆ ‘ಗೇ’, ಕವಾಟಕ್ಕೆ ‘ಟ್ಸೆಟ್’. ಹಿಂದಿನ ಮೂರು ತಿಂಗಳ ಪಟ್ಟಿಯಲ್ಲಿ ಅದೇ ಸಿ 18.9 ಇತ್ತು, ಆದ್ರೆ ಅದರ ಮುಂದೆ ‘ಎ’ ಇರಲಿಲ್ಲ, ‘ಫೌ’ ಇತ್ತು. ಫೌ ಅಂದ್ರೆ ಸಂಶಯ ಅಂತ ಆಗಲೇ ಗೊತ್ತಾಗಿತ್ತಲ್ಲ. ಸಂಶಯ ಮೊದಲು, ಆಮೇಲೆ ಎ. ಅತ್ತೆ ಸಾರಿನ ಪಾತ್ರೆ ತಂದಿಟ್ಟಾಗ ಕಾಯಿಲೆ ಹೆಸರು ಎತ್ತದೇ, “ಅತ್ತೆ, ಡಾಕ್ಟ್ರು ಕೊನೇಲಿ ‘ಆ’ ಅಂತ ಒಂದಕ್ಷರ ಬರೆದ್ರೆ ಏನದು?” ಅಂದೆ. ಜರ್ಮನ್‌ನಲ್ಲಿ ‘ಎ’ಗೆ ‘ಆ’ ಅಂತಾರೆ. “ಎಲ್ಲಿ?” ಅಂದ್ರು. “2011ರದು. ಅದಕ್ಕೆ ಮುಂಚೆ ಫೆರ್‌ಡಾಖ್ಟ್ ಅಂತಿತ್ತು.” ಅತ್ತೆ ಸೌಟು ಹಿಡಿದೇ ನಕ್ಕುಬಿಟ್ರು. “ಔಸ್‌ಗೆಶ್ಲಾಸನ್! ಆ ವರ್ಷ ರಕ್ತ ಕಮ್ಮಿ ಆಗಿತ್ತು ಅಂತ ಕರುಳಿಗೆ ಪೈಪ್ ಬಿಟ್ಟು ನೋಡಿದ್ರು ಕಣೋ. ಏನೂ ಇರಲಿಲ್ಲ. ನಿಮ್ಮ ಮಾವ ಅವತ್ತು ಕೇಕ್ ತಂದಿದ್ರು.” ಆಮೇಲೆ ಹುಡುಕಿದಾಗ ಗೊತ್ತಾಯ್ತು, ಅಲ್ಲಿ ಹೊರರೋಗಿಗಳ ಲೆಕ್ಕಕ್ಕೆ ಹಾಕೋ ಪ್ರತಿ ಸಂಕೇತಕ್ಕೂ ಇಂಥ ನಾಲ್ಕು ಅಕ್ಷರಗಳಲ್ಲಿ ಒಂದನ್ನ ಸೇರಿಸ್ತಾರೆ: ಖಚಿತ, ಸಂಶಯ, ಹಿಂದೆ ಆಗಿತ್ತು, ಇಲ್ಲವೇ ಇಲ್ಲ. ‘ಇಲ್ಲವೇ ಇಲ್ಲ’ ಅನ್ನೋದಕ್ಕೆ ಎ. ಕ್ಯಾನ್ಸರ್ ಇಲ್ಲ ಅಂತ ಹೇಳೋಕೆ ಕ್ಯಾನ್ಸರಿನ ಸಂಕೇತವನ್ನೇ ಬರೆಯೋ ಪದ್ಧತಿ. ಅಮ್ಮನನ್ನ ಹಿತ್ತಿಲಿನಿಂದ ಕರ್ಕೊಂಡು ಬಂದ್ವಿ. ಆ ಪಟ್ಟಿಯಲ್ಲೇ ಸಕ್ಕರೆ ಕಾಯಿಲೆಯ ಸಂಕೇತದ ಮುಂದೆ ಒಂದು ಶಿಲುಬೆ ಗುರುತೂ ಇತ್ತು. ಜರ್ಮನ್ನರು ತೀರಿಹೋದವರ ಹೆಸರಿನ ಮುಂದೆ ಹಾಕೋ ಗುರುತೇ ಅದು. ಇಲ್ಲಿ ಅದಕ್ಕೂ ಸಾವಿಗೂ ಸಂಬಂಧ ಇಲ್ಲ. ಮೂಲ ಕಾಯಿಲೆ ಇದು, ಅದರಿಂದ ಕಣ್ಣಿಗೆ ಆಗಿದ್ದು ಮುಂದೆ ನಕ್ಷತ್ರ ಹಾಕಿರೋದು, ಅಂತ ಜೋಡಿ ತೋರಿಸೋಕೆ. ಅದನ್ನ ಮಾತ್ರ ಚಿಕ್ಕಪ್ಪನ ಮಗ ನೋಡೋಕೆ ಮುಂಚೆ ನಾನೇ ಹಾಳೆ ತಗೊಂಡೆ.

ಮಾತ್ರೆಯ ಪುಸ್ತಕ ಬೇರೆಯೇ ಒಂದು ಲೋಕ. ಪಾಸ್‌ಪೋರ್ಟಿನಷ್ಟು ಚಿಕ್ಕದು. ಒಂದೊಂದು ಸಾಲಿಗೆ ದಿನಾಂಕ, ಐಎನ್‌ಆರ್, ಆಮೇಲೆ ವಾರದ ಏಳು ಮನೆ, ಮನೆಗೊಂದು ಅಳತೆ. ಎಲ್ಲಾ ಕೈಬರಹ. ಜರ್ಮನ್ನರು 1 ಬರೆಯೋವಾಗ ಮುಂದೆ ಉದ್ದಕ್ಕೆ ಒಂದು ಗೆರೆ ಎಳೀತಾರೆ, ನಮ್ಮ ಕಣ್ಣಿಗೆ ಅದು ಅಪ್ಪಟ 7. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುತ್ತೆ. ಐಎನ್‌ಆರ್ ನೋಡೋಕೆ ರಕ್ತ ಕೊಡಲು ಹೋದಾಗ ಪುಸ್ತಕ ನೋಡಿದ ಲ್ಯಾಬಿನ ಹುಡುಗ, “ಸಾರ್, ದಿನಕ್ಕೆ ಏಳು ಮಾತ್ರೆನಾ?” ಅಂತ ಬಾಯಿ ಬಿಟ್ಟ. ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ. 2,5ರಿಂದ 3,5ರ ಒಳಗೆ ಇರಬೇಕು ಅಂತ ಮೊದಲ ಪುಟದಲ್ಲಿತ್ತು. ಲೋಹದ ಮಿಟ್ರಲ್ ಕವಾಟಕ್ಕೆ ನಮ್ಮ ಡಾಕ್ಟ್ರು ಹೇಳಿದ್ದೂ ಎರಡೂವರೆಯಿಂದ ಮೂರೂವರೆ. ಹೊಂದಿತು.

ಆದ್ರೆ ಒಂದು ಸಾಲಲ್ಲಿ ಎರಡು ದಿನಕ್ಕೆ ಅಂಕಿಯೇ ಇರಲಿಲ್ಲ. ಸೊನ್ನೆ ಬರೆದು ಅದರ ಮೇಲೆ ಓರೆಯಾಗಿ ಗೆರೆ ಎಳೆದಿದ್ರು. ಅತ್ತೆಗೆ ಅದನ್ನ ಓದಿ ಹೇಳೋದು ಹೇಗೆ? ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸ್ದೆ. ಅವರಿಗೂ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಅದಕ್ಕೆ ಗೆರೆಸೊನ್ನೆ ಅಂತ ಹೆಸರಿಟ್ವಿ.

ನನಗೆ ಅದು ಹಳೇ ಪರಿಚಯ ಅನ್ನಿಸ್ತು. ಕಡೂರಿನಲ್ಲಿ ಪಿಯುಸಿ ಓದುವಾಗ ಗಣಿತದ ಮೇಷ್ಟ್ರು ಏನೂ ಇಲ್ಲದ ಗಣಕ್ಕೆ ಹೀಗೇ ಒಂದು ಗುರುತು ಹಾಕಿ ‘ಫೈ’ ಅಂತಿದ್ರು. ಈ ಗುರುತು ಗಣಿತಕ್ಕೆ ಬಂದಿದ್ದು ನಾರ್ವೆ ಭಾಷೆಯ ಅಕ್ಷರದಿಂದ, ತಂದವನು ಫ್ರಾನ್ಸಿನ ಆಂದ್ರೆ ವೇಯ್ಲ್. ನಾವು ಪ್ರೋಗ್ರಾಂ ಬರೆಯೋ ಪರದೆಯಲ್ಲೂ ‘ಓ’ ಅಕ್ಷರದ ಜೊತೆ ಗೊಂದಲ ಆಗದಿರಲಿ ಅಂತ ಸೊನ್ನೆಗೆ ಗೆರೆ ಹಾಕಿರುತ್ತೆ. ಮನೆ ಕಟ್ಟುವಾಗ ಕಂಬಿ ಕೆಲಸದವರು ‘ಎಂಟು ಎಂಎಂ ಫೈ’ ಅನ್ನೋದೂ ಇದೇ ಆಕಾರಕ್ಕೆ. ಅದು ಕಂಬಿಯ ದಪ್ಪ.

ಫೈಲಿನ ಉಳಿದ ಹಾಳೆಗಳಲ್ಲಿ ಹುಡುಕಿದ್ರೆ ಗೆರೆಸೊನ್ನೆ ಎಲ್ಲಾ ಕಡೆ ಸಿಗ್ತು. 1996ರ ಆಪರೇಶನ್ ಕಾಗದದಲ್ಲಿ ಕವಾಟದ ಹೆಸರಿನ ಮುಂದೆ ಗೆರೆಸೊನ್ನೆ, ಆಮೇಲೆ 27 ಮಿ.ಮೀ. ಅಲ್ಲಿ ಅದು ವ್ಯಾಸ. ನಮ್ಮ ಕಂಬಿ ಕೆಲಸದವರ ಫೈ. ಇಪ್ಪತ್ನಾಲ್ಕು ಗಂಟೆ ಬಿಪಿ ನೋಡಿದ ವರದಿಯಲ್ಲಿ ಗೆರೆಸೊನ್ನೆ, ಆಮೇಲೆ ಆರ್‌ಆರ್ 138/82. ಅಲ್ಲಿ ಅದು ಸರಾಸರಿ. ಜರ್ಮನ್ನರು ಸಂಬಳದ ಲೆಕ್ಕದಿಂದ ಹಿಡಿದು ಮಳೆಯ ಲೆಕ್ಕದ ತನಕ ಸರಾಸರಿಗೆ ಇದನ್ನೇ ಬರೆಯೋದು. ‘ಜ್ವರ’ದ ಮುಂದೆ ಗೆರೆಸೊನ್ನೆ ಇದ್ರೆ ಜ್ವರ ಇಲ್ಲ ಅಂತ. ಮಾತ್ರೆ ಪುಸ್ತಕದ ಆ ಎರಡು ಮನೆಯಲ್ಲಿ, ಹಿಂದಿನ ಐಎನ್‌ಆರ್ 4,8 ಇದ್ದಿದ್ರಿಂದ, ಆ ದಿನ ಮಾತ್ರೆ ಬೇಡ ಅಂತ. ಒಂದೇ ಫೈಲು, ಒಬ್ಬಳೇ ರೋಗಿ, ಒಂದೇ ಗುರುತಿಗೆ ವ್ಯಾಸ, ಸರಾಸರಿ, ಇಲ್ಲ, ಬೇಡ. ಕಂಪ್ಯೂಟರ್ ಭಾಷೆಯಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಅವನನ್ನ ರಿವ್ಯೂನಲ್ಲಿ ಹುರಿದು ಮುಕ್ಕಿಬಿಡ್ತೀವಿ.

ಇಷ್ಟಾದ್ರೂ ಈ ನಾಲ್ಕಕ್ಕೂ ಅಕ್ಕಪಕ್ಕದ ಮಾತಿನಿಂದ ಅರ್ಥ ಹೊರಟಿತು. ಹೊರಡದೇ ಇದ್ದಿದ್ದು ಒಂದು ಸಾಲು. ಅವರ ಮನೆ ಡಾಕ್ಟ್ರ ಹಳೇ ಕಾರ್ಡಿನ ಜೆರಾಕ್ಸ್ ಅದು. ಅಂಚಲ್ಲಿ ಕೈಬರಹದಲ್ಲಿ ‘ಅಲರ್ಜಿ’ ಅಂತ ಬರೆದು, ಪಕ್ಕದಲ್ಲಿ ‘ಪೆನಿಸಿಲಿನ್’, ಅದರ ಪಕ್ಕ ಗೆರೆಸೊನ್ನೆ.

ಪೆನಿಸಿಲಿನ್ ಅಲರ್ಜಿ ಇಲ್ಲ ಅಂತಲಾ? ಪೆನಿಸಿಲಿನ್ ಕೊಡಬೇಡಿ ಅಂತಲಾ?

ಲೋಹದ ಕವಾಟ ಇದ್ದವರಿಗೆ ಹಲ್ಲು ಕೀಳೋ ಮುಂಚೆ ಆಂಟಿಬಯೋಟಿಕ್ ಕೊಡ್ತಾರೆ. ಬಾಯಿಂದ ರಕ್ತಕ್ಕೆ ಸೇರೋ ಕ್ರಿಮಿ ಕವಾಟದ ಮೇಲೆ ಹೋಗಿ ಕೂತ್ರೆ ಪ್ರಾಣಕ್ಕೇ ಬರುತ್ತೆ. ಮೊದಲು ಕೊಡೋದು ಅಮಾಕ್ಸಿಸಿಲಿನ್, ಪೆನಿಸಿಲಿನ್ ಕುಟುಂಬದ್ದೇ. ಅಂದ್ರೆ ಆ ಒಂದು ಗೆರೆಸೊನ್ನೆ ಮೇಲೆ ನಾಳಿನ ಮಾತ್ರೆ ನಿಂತಿತ್ತು.

ಚಿಕ್ಕಪ್ಪನ ಮಗ 2013ರ ಕಣ್ಣಿನ ಆಸ್ಪತ್ರೆಯ ಕಾಗದ ಹುಡುಕಿ ತಂದ. ಅದರಲ್ಲಿ ‘ಅಲರ್ಜಿಗಳು’ ಅಂತ ಅಚ್ಚಾಗಿದ್ದ ಕಡೆ ಬರೀ ಗೆರೆಸೊನ್ನೆ ಇತ್ತು. “ನೋಡಣ್ಣ, ಇಲ್ಲಿ ಅಲರ್ಜಿ ಇಲ್ಲ ಅಂತ ಕ್ಲಿಯರ್ ಆಗಿ ಐತೆ. ಅಲ್ಲೂ ಅದೇ ಗುರುತು, ಅಲ್ಲೂ ಇಲ್ಲ ಅಂತಲೇ. ಇಲ್ಲ ಅಂತ ಬರ್ದು ಮುಗಿಸು. ದೊಡ್ಡತ್ತೆ ಎರಡು ರಾತ್ರಿ ನಿದ್ದೆ ಮಾಡಿಲ್ಲ” ಅಂದ. ಅವನ ಮಾತಲ್ಲಿ ತರ್ಕ ಇತ್ತು. ಅತ್ತೆ ಕೆನ್ನೆಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು ಕೂತಿದ್ರು. ಅವರನ್ನ ಕೇಳಿದ್ರೆ, “ನಂಗೇನ್ ಅಲರ್ಜಿ, ಕಲ್ಲು ತಿಂದು ಅರಗಿಸ್ಕೊಂಡೋಳು ನಾನು” ಅಂದ್ರು.

ಆದ್ರೆ ಕಣ್ಣಿನ ಆಸ್ಪತ್ರೆಯವರು ಆ ಮನೆ ತುಂಬಿದ್ದು ಅತ್ತೆಯನ್ನ ಕೇಳಿಯೇ ಅಲ್ವಾ? ಅತ್ತೆ ಆವತ್ತೂ ಇದನ್ನೇ ಹೇಳಿರ್ತಾರೆ. ಅದು ಎರಡನೇ ಸಾಕ್ಷಿ ಅಲ್ಲ, ಅದೇ ಸಾಕ್ಷಿ ಎರಡು ಸಲ. ಮತ್ತೆ, ಏನೂ ಅಲರ್ಜಿ ಇಲ್ಲ ಅಂದ್ರೆ ಮನೆ ಡಾಕ್ಟ್ರು ಪೆನಿಸಿಲಿನ್ ಅಂತ ಅದೊಂದನ್ನೇ ಹೆಸರು ಹಿಡಿದು ಬರೆದಿದ್ದಾದ್ರೂ ಯಾಕೆ? ಕೇಳಿ ನೋಡಿ ಇಲ್ಲ ಅಂತ ಖಚಿತ ಮಾಡಿಕೊಂಡೂ ಬರೆದಿರಬಹುದು. ಹೀಗೆ ಎರಡೂ ಕಡೆಗೆ ವಾದ ಮಾಡ್ತಾ ಹೋಗಬಹುದಿತ್ತು. ವಾದದಲ್ಲಿ ಗೆದ್ದ ಅರ್ಥವೇ ಡಾಕ್ಟ್ರು ಬರೆದ ಅರ್ಥ ಆಗಿರಬೇಕು ಅಂತೇನಿಲ್ಲ.

ಲೂಯಿಸ್ ರೈಸ್ ನಮ್ಮ ಸೀಮೆಯ ಶಾಸನಗಳನ್ನ ಸೇರಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ ತಂದ. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಜನ್ನ ಕವಿ ಬರೆದ ಶಾಸನ ಇದೆ ಅಂತ ಹೇಳಿ ಮೇಷ್ಟ್ರು ನಮ್ಮನ್ನ ಪ್ರವಾಸ ಕರ್ಕೊಂಡು ಹೋಗಿದ್ರು, ಆ ನೆನಪಿನಿಂದ ಎಂದೋ ಆ ಸಂಪುಟ ಇಂಟರ್ನೆಟ್‌ನಲ್ಲಿ ತೆಗೆದು ನೋಡಿದ್ದೆ. ಕಲ್ಲು ಸವೆದು ಅಕ್ಷರ ಹೋಗಿರೋ ಕಡೆ ರೈಸ್ ಏನನ್ನೂ ಸೇರಿಸಿಲ್ಲ, ಸಾಲಾಗಿ ಚುಕ್ಕಿ ಇಟ್ಟು ಮುಂದೆ ಹೋಗಿದ್ದಾನೆ. ಕೆಲವು ಶಾಸನಗಳಲ್ಲಿ ಅಕ್ಷರಕ್ಕಿಂತ ಚುಕ್ಕಿಯೇ ಹೆಚ್ಚು. ಓದೋಕೆ ಬೇಜಾರು ನಿಜ. ಆದ್ರೆ ಅಕ್ಷರ ಇರೋ ಕಡೆ ಅವನನ್ನ ನಂಬಬಹುದು ಅನ್ನೋ ಧೈರ್ಯ ಬರೋದೇ ಆ ಚುಕ್ಕಿಗಳಿಂದ.

ನಾನೂ ಹಾಗೇ ಮಾಡಿದೆ. ಆ ಗುರುತನ್ನ ಫೋಟೋ ತೆಗೆದು ಅನುವಾದದ ಹಾಳೆಯಲ್ಲೇ ಅಂಟಿಸಿ, ‘ಎರಡು ಅರ್ಥ ಬರುತ್ತೆ: ಅಲರ್ಜಿ ಇಲ್ಲ, ಅಥವಾ ಕೊಡಬಾರದು. ತೀರ್ಮಾನ ಆಗಿಲ್ಲ’ ಅಂತ ಕೆಂಪಕ್ಷರದಲ್ಲಿ ಬರೆದೆ. ಮಾತ್ರೆ ಪುಸ್ತಕದ ಕೊನೇ ಸಾಲಿನ ಗುರುವಾರದ ಮನೆಯಲ್ಲಿ ನೀರು ಬಿದ್ದು ಶಾಯಿ ಹರಡಿತ್ತು, ½ ಇರಬಹುದು, 1½ ಇರಬಹುದು. ಅದಕ್ಕೂ ಹಾಗೇ ಬರೆದೆ. ಚಿಕ್ಕಪ್ಪನ ಮಗನಿಗೆ ಸಿಟ್ಟು ಬಂತು. “ಇಷ್ಟು ಓದಿ ಇದೊಂದು ಹೇಳೋಕಾಗಲ್ವಾ?” ಅಂದ.

ಜೊತೆಗೆ ಜರ್ಮನಿಯಲ್ಲಿದ್ದ ಅತ್ತೆ ಮಗಳಿಗೆ ಫೋನ್ ಮಾಡಿದೆ. ಅವಳು ಹಳೇ ಡಾಕ್ಟ್ರ ಕ್ಲಿನಿಕ್ಕಿಗೆ ಫೋನ್ ಮಾಡಿದ್ರೆ ಅವರು ಏನೂ ಹೇಳಲಿಲ್ಲ. ಅಲ್ಲಿ ರೋಗಿಯ ಗುಟ್ಟು ಬಿಟ್ಟುಕೊಟ್ರೆ ಅದು ಅಪರಾಧ, ದಂಡಸಂಹಿತೆಯ 203ನೇ ಕಲಮು. ಮಗಳಾದ್ರೂ ಸರಿ, ತಾಯಿಯ ಸಹಿ ಬೇಕು. ನಮ್ಮಲ್ಲಿ ಪಕ್ಕದ ಮನೆಯವರ ರಿಪೋರ್ಟನ್ನೂ ಲ್ಯಾಬಿನಿಂದ ನಾವೇ ತಂದುಕೊಡ್ತೀವಿ, ದಾರಿಯಲ್ಲಿ ಓದಿಕೊಂಡೇ. ಅತ್ತೆ ಕೈ ಹಿಡಿದು ಸಹಿ ಮಾಡಿಸಿ, ಅವಳು ಕಳಿಸಿದ ಫಾರಂ ತುಂಬಿ ವಾಪಸ್ ಕಳಿಸಿದ್ವಿ. ಪ್ರಶ್ನೆಯನ್ನ ಹೇಗೆ ಕೇಳಬೇಕು ಅಂತ ಅವಳಿಗೆ ನಾನೇ ಬರೆದುಕೊಟ್ಟೆ. ‘ಈ ಗುರುತಿನ ಅರ್ಥ ಏನು’ ಅಂತ ಕೇಳಬೇಡ, ಅವರು ‘ಇಲ್ಲ’ ಅಂತ ಒಂದೇ ಮಾತು ಹೇಳಿದ್ರೆ ನಾವು ಮತ್ತೆ ಇಲ್ಲೇ ಇರ್ತೀವಿ. ‘ನಮ್ಮಮ್ಮನಿಗೆ ಪೆನಿಸಿಲಿನ್ ಕೊಡಬಹುದಾ, ಕೊಡಬಾರದಾ? ಕಾರಣ ಏನು?’ ಅಂತ ಕೇಳು.

ನಾಲ್ಕನೇ ದಿನ ಉತ್ತರ ಬಂತು. ಕೊಡಬಾರದು. 2004ರಲ್ಲಿ ಗಂಟಲಿಗೆ ಅಂತ ಪೆನಿಸಿಲಿನ್ ಮಾತ್ರೆ ಕೊಟ್ಟಾಗ ಎರಡನೇ ದಿನ ಮೈಯೆಲ್ಲ ದದ್ದು ಎದ್ದು ತುಟಿ ಊದಿಕೊಂಡಿತ್ತು, ಆವತ್ತಿನಿಂದ ನಿಲ್ಲಿಸಿದ್ದೀವಿ ಅಂತ. ಅತ್ತೆಗೆ ಓದಿ ಹೇಳಿದ್ರೆ, “ಓ, ಅದಾ! ಅದು ಸ್ಟ್ರಾಬೆರಿ ತಿಂದಿದ್ದಕ್ಕೆ ಅಂತ ನಿಮ್ಮ ಮಾವ ಅಂದಿದ್ರು. ಆವತ್ತಿಂದ ನಾನು ಸ್ಟ್ರಾಬೆರಿ ಮುಟ್ಟಿಲ್ಲ” ಅಂದ್ರು.

ಆ ನಾಲ್ಕು ದಿನ ಅತ್ತೆ ಹಲ್ಲು ನೋವನ್ನ ಲವಂಗದ ಎಣ್ಣೆ, ಪ್ಯಾರಾಸಿಟಮಾಲ್ ಮೇಲೆ ತಳ್ಳಿದ್ರು. ಬೇರೆ ನೋವಿನ ಮಾತ್ರೆಗಳು ರಕ್ತ ತೆಳು ಮಾಡೋ ಮಾತ್ರೆ ಜೊತೆ ಆಗಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ರು. ಆಮೇಲೆ ಬೇರೆ ಜಾತಿಯ ಆಂಟಿಬಯೋಟಿಕ್ ಕೊಟ್ಟು, ಆ ದಿನ ಬೆಳಿಗ್ಗೆ ಐಎನ್‌ಆರ್ ನೋಡಿ, ಹಲ್ಲು ಕಿತ್ರು. ಹತ್ತಿಯನ್ನ ಒಂದು ಗಂಟೆ ಜಾಸ್ತಿ ಕಚ್ಚಿಕೊಂಡು ಕೂರಬೇಕಾಯ್ತು, ಅಷ್ಟೇ. ಮಾತ್ರೆ ಬದಲಾಯಿಸೋಕೆ ಐದು ವಾರ ಹಿಡೀತು. ವಾರಕ್ಕೆ ಎರಡು ಸಲ ತರೀಕೆರೆಯಲ್ಲಿ ರಕ್ತ ಕೊಡೋದು, ಸಂಜೆ ವಾಟ್ಸಾಪಿನಲ್ಲಿ ಬರೋ ನಂಬರನ್ನ ಶಿವಮೊಗ್ಗಕ್ಕೆ ಕಳಿಸೋದು. ಗುರುವಾರದ ಆ ಶಾಯಿ ಕಲೆಯ ಬಗ್ಗೆ ಡಾಕ್ಟ್ರು, “ಪರವಾಗಿಲ್ಲ, ನಾವು ಹೆಂಗೂ ನಮ್ಮ ಲೆಕ್ಕದಲ್ಲೇ ಶುರು ಮಾಡ್ತೀವಿ. ಆದ್ರೆ ಅದು ಕಲೆ ಅಂತ ಬರ್ದಿದ್ದಕ್ಕೆ ನಾನು ಅದನ್ನ ಕೂಡಿಸೋಕೆ ಹೋಗಲಿಲ್ಲ” ಅಂದ್ರು.

ಈಗ ಅನುವಾದದ ಮೂರು ಪ್ರತಿ ಇವೆ. ಒಂದು ಶಿವಮೊಗ್ಗದಲ್ಲಿ, ಒಂದು ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲಿ, ಒಂದು ಅಜ್ಜಂಪುರದ ಅಂಗಡಿ ಹುಡುಗನ ಹತ್ತಿರ. ಮೇಲ್ಗಡೆ ಕನ್ನಡದಲ್ಲೇ ದಪ್ಪಕ್ಷರದಲ್ಲಿ ‘ಪೆನಿಸಿಲಿನ್ ಕೊಡಬಾರದು’ ಅಂತ ಬರೆದಿದ್ದೀವಿ, ಯಾವ ಗುರುತೂ ಇಲ್ಲದೆ. ಕೆಂಪಕ್ಷರದ್ದು ಇನ್ನೂ ಒಂದು ಉಳಿದಿದೆ. 2009ರ ಒಂದು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬಳ್ಳಿಯಂಥ ಒಂದು ಸುರುಳಿ, ಪಕ್ಕದಲ್ಲಿ ಎರಡು ಉದ್ಗಾರ ಚಿಹ್ನೆ. ಕ್ಲಿನಿಕ್ಕಿನವರಿಗೆ ಫೋಟೋ ಕಳಿಸಿದ್ವಿ, ಬರೆದ ಡಾಕ್ಟ್ರು ನಿವೃತ್ತಿಯಾಗಿದ್ದಾರಂತೆ, ಅವರಿಗೂ ಗೊತ್ತಾಗಲಿಲ್ಲ. ಅತ್ತೆ ಮಾತ್ರ ಅದು ಮಾವ ಫೋನಲ್ಲಿ ಮಾತಾಡ್ತಾ ಗೀಚಿದ್ದು ಅಂತಾರೆ.